ಸ್ಟಿಕ್ ತಾನಾಗಿ ಜಾರುತ್ತಿದ್ದರೆ: ಒರೆಸೋದಾ, ಒತ್ತೋದಾ, ಬದಲಿಸೋದಾ?

"ಮಾಮ, ನಾನು ಮುಟ್ಟೇ ಇಲ್ಲ. ಅದೇ ಹೋಗ್ತಾ ಇದೆ."

ಅಕ್ಕನ ಮಗಳು ಎರಡೂ ಕೈ ಮೇಲಕ್ಕೆತ್ತಿ ತೋರಿಸಿದಳು, ಪೊಲೀಸರ ಮುಂದೆ ನಿಂತವಳ ಹಾಗೆ. ಪರದೆಯ ಮೇಲೆ ಅವಳ ಕಾರು ಎಡಗಡೆಯ ಬೇಲಿಗೆ ಮೂತಿ ಉಜ್ಜಿಕೊಂಡು ಹೊರಟಿತ್ತು. ಹದಿನೈದು ದಿನದಿಂದ ಮನೆಯಲ್ಲಿ ಇದೇ ಪಂಚಾಯ್ತಿಯಂತೆ. "ನಿಂಗೆ ಆಡೋಕೇ ಬರಲ್ಲ" ಅಂತ ಅವಳ ತಮ್ಮ ಹಂಗಿಸುವುದು, ಇವಳು ಗೇಮ್ ಕನ್ಸೋಲನ್ನು ಸೋಫಾದ ಮೇಲೆ ಎಸೆಯುವುದು. ಅಕ್ಕ ಅಡುಗೆಮನೆಯಿಂದಲೇ ಕೇಳಿದಳು, "ಹೊಸದೇ ತಗೋಬೇಕೇನೋ?"

ಬೇಡ ಅಂದೆ. ಕೈಯಲ್ಲಿ ಹಿಡಿದು ಆಡುವ ಕನ್ಸೋಲಿನ ಸ್ಟಿಕ್, ಅಂದರೆ ಹೆಬ್ಬೆರಳಿನಿಂದ ತಳ್ಳಿ ದಿಕ್ಕು ತೋರಿಸುವ ಪುಟ್ಟ ಹಿಡಿ, ಕೆಟ್ಟರೆ ಇರುವ ದಾರಿಗಳು ಒಂದೆರಡಲ್ಲ. ಸೆಟ್ಟಿಂಗ್ಸ್‌ನಲ್ಲೇ ಸರಿಮಾಡಿಕೊಳ್ಳಬಹುದು, ಸ್ಪ್ರೇ ಹೊಡೆಯಬಹುದು, ಒಳಗೆ ಕಾಗದದ ಚೂರಿಟ್ಟು ಒತ್ತಡ ಕೊಡಬಹುದು, ಅದೇ ಜಾತಿಯ ಹೊಸ ಸ್ಟಿಕ್ ಕೂರಿಸಬಹುದು, ಅಯಸ್ಕಾಂತದಿಂದ ಕೆಲಸ ಮಾಡುವ ಸ್ಟಿಕ್ ಕೂರಿಸಬಹುದು, ಅಂಗಡಿಗೆ ಕೊಡಬಹುದು, ಕಂಟ್ರೋಲರನ್ನೇ ಹೊಸದಾಗಿ ಕೊಳ್ಳಬಹುದು. ಯೂಟ್ಯೂಬಿನಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ "ಇದೇ ಶಾಶ್ವತ ಪರಿಹಾರ" ಎಂದು ಆಣೆ ಹಾಕುವವರು ಸಿಗುತ್ತಾರೆ. ನನ್ನ ಅನುಭವದಲ್ಲಿ ಮೊದಲಿನ ಎರಡನ್ನು ರಿಪೇರಿ ಎನ್ನುವುದೇ ತಪ್ಪು. ಅವು ಪರೀಕ್ಷೆ, ರೋಗ ಯಾವುದೆಂದು ತಿಳಿಸಿಕೊಡುತ್ತವೆ, ಅಷ್ಟಕ್ಕೆ ಬಳಸಿಕೊಳ್ಳಬೇಕು. ಕಾಗದದ ಚೂರು ಕಾಲ ತಳ್ಳುವ ಉಪಾಯ. ಬಿಚ್ಚಲೇಬೇಕು ಅಂತಾದ ಮೇಲೆ, ಒಂದೇ ಸಲ ಬಿಚ್ಚಿ ಅಯಸ್ಕಾಂತದ್ದನ್ನು ಹಾಕಿ ಮುಗಿಸುವುದು ಲೇಸು. ಎಲ್ಲರಿಗೂ ಅಲ್ಲ. ಯಾರಿಗೆ ಅಲ್ಲ ಎನ್ನುವುದು ಮುಂದೆ ಬರುತ್ತದೆ.

ಉದಾಹರಣೆಗೆ ನಿಂಟೆಂಡೊ ಸ್ವಿಚ್ಚನ್ನೇ ಇಟ್ಟುಕೊಳ್ಳುತ್ತೇನೆ. 2017ರ ಮಾರ್ಚ್ 3ರಂದು ಬಂದ ಈ ಯಂತ್ರದ ಎರಡು ಬದಿಯ ಕಂಟ್ರೋಲರುಗಳಿಗೆ ಜಾಯ್-ಕಾನ್ ಎಂದು ಹೆಸರು. ಮುಟ್ಟದಿದ್ದರೂ ಸ್ಟಿಕ್ ಒಂದು ಕಡೆಗೆ ಎಳೆಯುವ ರೋಗಕ್ಕೆ "ಜಾಯ್-ಕಾನ್ ಡ್ರಿಫ್ಟ್" ಎಂಬ ಹೆಸರೇ ನಿಂತುಬಿಟ್ಟಿದೆ. ಬೇರೆ ಯಂತ್ರಗಳವರೂ ಓದಬಹುದು, ಒಳಗಿನ ಕಥೆ ಬಹುಪಾಲು ಒಂದೇ.

ಅದು ಡ್ರಿಫ್ಟೇ ಹೌದಾ?

ಸ್ಕ್ರೂಡ್ರೈವರ್ ಹುಡುಕುವ ಮೊದಲು ಐದು ನಿಮಿಷ ಇಲ್ಲಿ ಖರ್ಚು ಮಾಡಿ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ "ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್" ಒಳಹೊಕ್ಕರೆ "ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್" ಸಿಗುತ್ತದೆ. ಅಲ್ಲೊಂದು ವೃತ್ತ, ಅದರೊಳಗೆ ಒಂದು ಗುರುತು. ಕೈ ಬಿಟ್ಟಾಗ ಗುರುತು ನಡುವಿಗೆ ಬಂದು ನಿಲ್ಲಬೇಕು. ಅಂಚಿನವರೆಗೆ ತಳ್ಳಿದಾಗ ವೃತ್ತದ ಅಂಚು ಮುಟ್ಟಬೇಕು. ನಿಧಾನವಾಗಿ ಸುತ್ತಿಸಿ, ಬಿಡಿ. ಎಂಟು ದಿಕ್ಕಿಗೂ ತಳ್ಳಿ, ಬಿಡಿ. ಗಮನ ಇಡಬೇಕಾದ್ದು ಬಿಟ್ಟ ಮೇಲೆ ಏನಾಗುತ್ತದೆ ಎನ್ನುವುದರ ಮೇಲೆ.

ಗುರುತು ನಡುವಿನಿಂದ ಒಂದಿಷ್ಟು ಸರಿದು ಅಲ್ಲೇ ಅಲುಗಾಡದೆ ನಿಂತಿದ್ದರೆ ಒಳ್ಳೆಯ ಸುದ್ದಿ. ನಡು ಎಲ್ಲಿ ಎನ್ನುವುದನ್ನು ಯಂತ್ರ ತಪ್ಪಾಗಿ ನೆನಪಿಟ್ಟುಕೊಂಡಿದೆ, ಕ್ಯಾಲಿಬ್ರೇಷನ್ ಮಾಡಿದರೆ ಸರಿಹೋಗಬಹುದು. ಗುರುತು ನಡುಗುತ್ತಿದ್ದರೆ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ನಿಲ್ಲುತ್ತಿದ್ದರೆ, ಒಳಗೆ ಸವೆತ ಇಲ್ಲವೇ ಧೂಳು. ಅದಕ್ಕೆ ಕ್ಯಾಲಿಬ್ರೇಷನ್ ನಾಟುವುದಿಲ್ಲ, ಅಲುಗಾಡುವ ತಕ್ಕಡಿಯಲ್ಲಿ ಮುಳ್ಳು ಸರಿಮಾಡಿದ ಹಾಗೆ. ಮಾಡಿದ ದಿನ ಚೆನ್ನಾಗಿರುತ್ತದೆ, ಮೂರನೇ ದಿನಕ್ಕೆ ಮೊದಲಿನಂತೆ. ಒಂದು ಕಡೆಗೆ ಮಾತ್ರ ಅಂಚು ಮುಟ್ಟುತ್ತಿಲ್ಲ, ಓಡಬೇಕಾದ ಗೊಂಬೆ ನಡೆಯುತ್ತಿದೆ ಎಂದಾದರೂ ಸವೆತವೇ.

ಇನ್ನೊಂದು ಜಾತಿಯದನ್ನು ಜನ ಡ್ರಿಫ್ಟ್ ಎಂದು ತಪ್ಪು ತಿಳಿಯುತ್ತಾರೆ. ದೂರ ಕೂತು ಆಡುವಾಗ ಗೊಂಬೆ ಇದ್ದಕ್ಕಿದ್ದಂತೆ ಕೊನೆಯ ದಿಕ್ಕಿಗೇ ಓಡುತ್ತಾ ಹೋಗುತ್ತದೆ, ಬಟನ್ನುಗಳೂ ಕೇಳುವುದಿಲ್ಲ, ಒಂದು ಕ್ಷಣದ ಮೇಲೆ ಎಲ್ಲ ಸರಿ. ಅದು ರೇಡಿಯೊ ಸಂಪರ್ಕ ಕಡಿದುಹೋದದ್ದು. ಮೊದಲ ತಂಡದ ಕೆಲವು ಎಡಗೈ ಜಾಯ್-ಕಾನ್‌ಗಳಲ್ಲಿ 2017ರಲ್ಲಿ ಇದೇ ತೊಂದರೆ ಇತ್ತು. ಕಂಪನಿ ಒಳಗೆ ವಿದ್ಯುತ್ ಹರಿಯುವ ಸ್ಪಂಜಿನ ಸಣ್ಣ ತುಂಡೊಂದನ್ನು ಅಂಟಿಸಿ ಸರಿಮಾಡಿ ಕಳಿಸಿತು. ಪರೀಕ್ಷೆ ಸುಲಭ: ಜಾಯ್-ಕಾನನ್ನು ಯಂತ್ರದ ಬದಿಗೆ ಸಿಕ್ಕಿಸಿಯೇ ಆಡಿ. ಆಗಲೂ ಎಳೆಯುತ್ತಿದ್ದರೆ ಸ್ಟಿಕ್ಕಿನದೇ ತಪ್ಪು. ಎಳೆಯದಿದ್ದರೆ ಸ್ಟಿಕ್ ಬದಲಿಸಿ ದುಡ್ಡು ಕಳೆದುಕೊಳ್ಳಬೇಡಿ.

ಒಳಗೆ ಏನು ಸವೆಯುತ್ತದೆ

ಹಳೇ ರೇಡಿಯೊದ ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬರುತ್ತಿದ್ದುದು ನೆನಪಿದೆಯಾ? ತಾತ ಅದನ್ನು ನಾಲ್ಕು ಸಲ ಆಚೀಚೆ ಗರಗರ ತಿರುಗಿಸಿದರೆ ಸದ್ದು ನಿಂತು ವಾರ್ತೆ ಶುರುವಾಗುತ್ತಿತ್ತು. ಆ ತಿರುಗಣೆಯ ಒಳಗಿದ್ದ ಪೊಟೆನ್ಶಿಯೋಮೀಟರೇ, ಉಗುರಿನಷ್ಟಕ್ಕೆ ಕುಗ್ಗಿ, ಎಡ-ಬಲಕ್ಕೊಂದು ಮೇಲೆ-ಕೆಳಕ್ಕೊಂದು ಎಂದು ಎರಡಾಗಿ ಸ್ಟಿಕ್ಕಿನ ಒಳಗೆ ಕೂತಿದೆ. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಕಪ್ಪು ಕಾರ್ಬನ್ ಪಟ್ಟಿ. ಅದರ ಮೇಲೆ ಜಾರುವ ಲೋಹದ ಪುಟ್ಟ ಬೆರಳುಗಳು. ಬೆರಳು ಪಟ್ಟಿಯ ಮೇಲೆ ಎಲ್ಲಿ ನಿಂತಿದೆ ಎನ್ನುವುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ, ಯಂತ್ರ ಅದನ್ನು ಓದಿ ದಿಕ್ಕು ತಿಳಿಯುತ್ತದೆ.

ಸವೆದ ಸ್ಟಿಕ್ಕೊಂದನ್ನು ಒಮ್ಮೆ ಪೂರ್ತಿ ಬಿಡಿಸಿ ಮೇಜಿನ ದೀಪದ ಕೆಳಗೆ ಹಿಡಿದು ನೋಡಿದೆ. ಕಪ್ಪು ಪಟ್ಟಿಯ ನಟ್ಟನಡುವೆ, ಸ್ಟಿಕ್ ಸುಮ್ಮನಿದ್ದಾಗ ಬೆರಳುಗಳು ನಿಲ್ಲುವ ಜಾಗದಲ್ಲಿ, ಪೆನ್ಸಿಲಿನಿಂದ ಗೀಚಿದಂತೆ ಬೂದು ಬಣ್ಣದ ಎರಡು ಹೊಳೆಯುವ ಗೆರೆ. ಪಕ್ಕದಲ್ಲಿ ಕಾಡಿಗೆಯಂಥ ನಯವಾದ ಪುಡಿ. ಬಿಳಿ ಬಟ್ಟೆಗೆ ಒತ್ತಿದರೆ ಕಪ್ಪು ಅಂಟಿತು. ಹೊರಗಿನಿಂದ ಬಂದ ಧೂಳಿಗಿಂತ ಒಳಗೇ ಹುಟ್ಟಿದ ಪುಡಿ ಜಾಸ್ತಿ ಇತ್ತು. ಸ್ಪ್ರೇ ಹೊಡೆದಾಗ ಯಾಕೆ ಸರಿಹೋಗುತ್ತದೆ, ಯಾಕೆ ಮತ್ತೆ ಕೆಡುತ್ತದೆ ಎನ್ನುವುದು ನನಗೆ ಅರ್ಥವಾದದ್ದು ಆವತ್ತು. ಪುಡಿ ತೊಳೆದುಹೋಗುತ್ತದೆ. ಗೆರೆ ಹಾಗೇ ಉಳಿಯುತ್ತದೆ.

ಇದರ ಸುತ್ತ ದೊಡ್ಡ ರಾದ್ಧಾಂತವೇ ನಡೆದಿದೆ. 2019ರ ಜುಲೈನಲ್ಲಿ ಅಮೆರಿಕದಲ್ಲಿ ಬಳಕೆದಾರರು ಸಾಮೂಹಿಕ ದಾವೆ ಹೂಡಿದರು. 2020ರ ಜೂನ್‌ನಲ್ಲಿ ಷೇರುದಾರರ ಸಭೆಯಲ್ಲಿ ನಿಂಟೆಂಡೊ ಅಧ್ಯಕ್ಷ ಶುಂಟಾರೊ ಫುರುಕಾವಾ ಗ್ರಾಹಕರಿಗಾದ ತೊಂದರೆಗೆ ಕ್ಷಮೆ ಕೇಳಿದರು. 2021ರಲ್ಲಿ ಸ್ವಿಚ್ಚಿನ ಒಎಲ್ಇಡಿ ಪರದೆಯ ಮಾದರಿ ಬಂದಾಗ ಕಂಪನಿಯ ತಂತ್ರಜ್ಞರು, ಕಾರಿನ ಟೈರು ನೆಲಕ್ಕೆ ಉಜ್ಜಿ ಸವೆಯುವಂತೆ ಇದೂ ಸವೆಯುತ್ತದೆ ಎಂಬರ್ಥದ ಮಾತಾಡಿದರು. ಮಾತು ಸುಳ್ಳಲ್ಲ. ಆದರೆ ಟೈರು ಬದಲಿಸಲು ಯಾರೂ ಮೂರು ಮೂಲೆಯ ವಿಚಿತ್ರ ಸ್ಕ್ರೂಡ್ರೈವರ್ ಹುಡುಕಬೇಕಾಗಿಲ್ಲ ಎಂದು ಅವತ್ತೇ ನನಗನ್ನಿಸಿತ್ತು.

2023ರ ಏಪ್ರಿಲ್‌ನಲ್ಲಿ ಯುರೋಪಿನ ಗ್ರಾಹಕ ಸಂಘಟನೆಗಳ ಒತ್ತಾಯದ ನಂತರ, ಯುರೋಪಿಯನ್ ಆರ್ಥಿಕ ವಲಯ, ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ವಾರಂಟಿ ಮುಗಿದಿದ್ದರೂ ಡ್ರಿಫ್ಟಿಗೆ ಉಚಿತ ರಿಪೇರಿ ಎಂದು ನಿಂಟೆಂಡೊ ಒಪ್ಪಿಕೊಂಡಿತು. ಲಂಡನ್ನಿನಲ್ಲೋ ಮ್ಯೂನಿಕ್‌ನಲ್ಲೋ ಇರುವ ಕನ್ನಡಿಗರು ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಕಂಪನಿಯ ಗ್ರಾಹಕ ಸೇವೆಗೆ ಬರೆಯಬಹುದು. ಅಮೆರಿಕದಲ್ಲಿರುವವರೂ ಮೊದಲು ಅಲ್ಲಿ ಕೇಳಿಯೇ ಮುಂದುವರಿಯಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ನಮಗೆ ಆ ಭಾಗ್ಯವಿಲ್ಲ. ಸ್ವಿಚ್ ನಮ್ಮಲ್ಲಿಗೆ ಬರುವುದು ಆಮದು ಅಂಗಡಿಗಳ ಮೂಲಕ, ಇಲ್ಲವೇ ದುಬೈಯಿಂದ ಬರುವ ಭಾವನ ಸೂಟ್‌ಕೇಸಿನಲ್ಲಿ. ಹಾಗಾಗಿ ನಮ್ಮ ಹೋಲಿಕೆಯ ಪಟ್ಟಿಯಲ್ಲಿ "ಕಂಪನಿಗೆ ಕಳಿಸಿ" ಎಂಬ ಸಾಲೇ ಇಲ್ಲ.

ಬಿಚ್ಚದೆ ಮಾಡುವ ಎರಡು

ಕ್ಯಾಲಿಬ್ರೇಷನ್ ಬಗ್ಗೆ ಹೇಳಿದೆ. ಮಾಡುವ ಮುಂಚೆ ಯಂತ್ರ ಮತ್ತು ಕಂಟ್ರೋಲರುಗಳಿಗೆ ಬಂದಿರುವ ಅಪ್‌ಡೇಟ್ ಹಾಕಿಕೊಳ್ಳಿ. ಕೆಲವು ಆಟಗಳಲ್ಲಿ, ಸ್ಟೀಮ್ ಡೆಕ್‌ನಂಥ ಯಂತ್ರಗಳಲ್ಲಿ ಡೆಡ್‌ಜೋನ್ ಹೆಚ್ಚಿಸುವ ಅವಕಾಶವೂ ಇರುತ್ತದೆ. ನಡುವಿನ ಇಷ್ಟು ಜಾಗದಲ್ಲಿ ಸ್ಟಿಕ್ ಏನೇ ಹೇಳಿದರೂ ಕೇಳಿಸಿಕೊಳ್ಳಬೇಡ ಎಂದು ಯಂತ್ರಕ್ಕೆ ತಾಕೀತು ಮಾಡುವುದದು. ರೇಸಿಂಗ್ ಆಟಕ್ಕೆ ಪರವಾಗಿಲ್ಲ. ಗುರಿಯಿಟ್ಟು ಹೊಡೆಯುವ ಆಟದಲ್ಲಿ ಕೈ ಮರಗಟ್ಟಿದಂತಾಗುತ್ತದೆ.

ಇನ್ನು ಸ್ಪ್ರೇ. ಇಲ್ಲಿ ಒಂದೇ ಒಂದು ಎಚ್ಚರಿಕೆ, ಆದರೆ ದೊಡ್ಡದು. ಬಾಗಿಲಿನ ಕೀಲಿಗೆ, ಸೈಕಲ್ ಚೈನಿಗೆ ಹಾಕುವ ನೀಲಿ-ಹಳದಿ ಡಬ್ಬಿಯ ಮಾಮೂಲಿ ಡಬ್ಲ್ಯುಡಿ-40 ತರಬೇಡಿ. ಅದು ಎಣ್ಣೆ ಪಸೆ ಉಳಿಸುತ್ತದೆ, ಪಸೆಗೆ ಧೂಳು ಅಂಟುತ್ತದೆ. ಬೇಕಾದದ್ದು ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್. ಅದೇ ಕಂಪನಿ ಅದನ್ನೂ ಬೇರೆ ಡಬ್ಬಿಯಲ್ಲಿ ಮಾರುತ್ತದೆ, ಆದ್ದರಿಂದ ಡಬ್ಬಿಯ ಮೇಲಿನ ಅಕ್ಷರ ಓದಿ. ಅದು ಸಿಗದಿದ್ದರೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, 99 ಶೇಕಡಾದ್ದು. ಮೊಬೈಲ್ ರಿಪೇರಿ ಸಾಮಾನು ಮಾರುವವರ ಹತ್ತಿರ "ಐಪಿಎ" ಅಂದರೆ ಕೊಡುತ್ತಾರೆ. ಕೈ ಒರೆಸುವ ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿ ನೀರು, ಜೆಲ್ ಎಲ್ಲ ಇರುತ್ತದೆ.

ಯಂತ್ರ ಆಫ್ ಮಾಡಿ, ಜಾಯ್-ಕಾನ್ ಬಿಡಿಸಿಕೊಳ್ಳಿ. ಸ್ಟಿಕ್ಕಿನ ಬುಡದಲ್ಲಿ ಲಂಗದಂತೆ ರಬ್ಬರ್ ಸುತ್ತು ಇರುತ್ತದೆ. ಹಲ್ಲುಕಡ್ಡಿಯಿಂದ ಅದರ ಅಂಚನ್ನು ಮೆಲ್ಲಗೆ ಎತ್ತಿ, ಸ್ಪ್ರೇಯ ಕೊಳವೆ ತುದಿ ತೂರಿಸಿ ಒಂದು ಸಣ್ಣ ಚಿಮ್ಮು. ಸ್ಟಿಕ್ಕನ್ನು ಗರಗರ ಸುತ್ತಿಸಿ, ಹತ್ತಾರು ಸಲ ಒತ್ತಿ. ಒಣಗಲು ಅರ್ಧ ಗಂಟೆ ಬಿಟ್ಟು ಕ್ಯಾಲಿಬ್ರೇಷನ್ ಪರದೆಯಲ್ಲಿ ಮತ್ತೆ ನೋಡಿ.

ಇದರ ಫಲವನ್ನು ಹೀಗೆ ಓದಿ. ತಿಂಗಳುಗಟ್ಟಲೆ ತೊಂದರೆ ಮರುಕಳಿಸದಿದ್ದರೆ ಬರೀ ಕಸ ಸಿಕ್ಕಿತ್ತು, ಮುಗಿಯಿತು. ವಾರ ಎರಡು ವಾರಕ್ಕೇ ಮತ್ತೆ ಎಳೆಯಲು ಶುರುವಾದರೆ ಪಟ್ಟಿ ಸವೆದಿದೆ, ಸ್ಪ್ರೇ ಡಬ್ಬಿ ಖಾಲಿ ಮಾಡಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ನನಗೆ ಗೊತ್ತಿರುವ ಒಬ್ಬರು ಪ್ರತಿ ಭಾನುವಾರ ಎಣ್ಣೆಸ್ನಾನದ ಹಾಗೆ ಸ್ಪ್ರೇ ಹೊಡೆಯುತ್ತಿದ್ದರು. ಕೊನೆಗೆ ಡಬ್ಬಿಗಳಿಗೆ ಹಾಕಿದ ದುಡ್ಡಿನಲ್ಲಿ ಹೊಸ ಸ್ಟಿಕ್ಕೇ ಬರುತ್ತಿತ್ತು.

ಲಗ್ನಪತ್ರಿಕೆಯ ಚೂರು

ಇದು ನನಗೆ ಬಹಳ ಇಷ್ಟವಾದ ಉಪಾಯ, ಬುದ್ಧಿವಂತಿಕೆಯ ಕಾರಣಕ್ಕೆ. ಸ್ಟಿಕ್ಕಿನ ಹಿಂಬದಿಯಲ್ಲೊಂದು ತಗಡಿನ ತಟ್ಟೆ ಇದೆ, ಒಳಗಿನದನ್ನೆಲ್ಲ ಅದುಮಿ ಹಿಡಿಯುವುದು ಅದರ ಕೆಲಸ. ಅದು ಸಡಿಲವಾದರೆ ಲೋಹದ ಬೆರಳುಗಳಿಗೂ ಕಾರ್ಬನ್ ಪಟ್ಟಿಗೂ ನಡುವಿನ ಒತ್ತಡ ಕಡಿಮೆಯಾಗಿ ಸಂಪರ್ಕ ತಪ್ಪುತ್ತದೆ. ಅಲ್ಲಿ ಸುಮಾರು ಒಂದು ಮಿಲಿಮೀಟರ್ ದಪ್ಪದ ರಟ್ಟಿನ ಚೂರಿಟ್ಟು ಮತ್ತೆ ಮುಚ್ಚಿದರೆ ಒತ್ತಡ ಮರಳುತ್ತದೆ, ಡ್ರಿಫ್ಟ್ ನಿಲ್ಲುತ್ತದೆ. 2021ರಲ್ಲಿ ಯೂಟ್ಯೂಬಿನಲ್ಲಿ ಒಬ್ಬರು ಇದನ್ನು ತೋರಿಸಿದ ಮೇಲೆ ಲೋಕಪ್ರಸಿದ್ಧವಾಯಿತು.

ನಮ್ಮ ಮನೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಸಾಮಾನು ಲಗ್ನಪತ್ರಿಕೆ. ದಪ್ಪ ಕಾರ್ಡಿನದೊಂದನ್ನು ಆರಿಸಿ, ಸ್ಟಿಕ್ಕಿನ ಬೆನ್ನಿನ ಅಳತೆಗೆ ಚೌಕ ಕತ್ತರಿಸಿ, ಎರಡು ಪದರ ಮಡಿಸಿ ಇಟ್ಟರೆ ಆಯಿತು. ಮಿಂಚಿನ ಪುಡಿ ಮೆತ್ತಿದ ಕಾರ್ಡು ಬೇಡ, ಉದುರಿ ಒಳಗೆ ಸೇರುತ್ತದೆ. ಜಾಸ್ತಿ ದಪ್ಪವಾದರೆ ಸ್ಟಿಕ್ ಬಿಗಿಯಾಗುತ್ತದೆ, ಒತ್ತಿದಾಗ ಟಕ್ ಎನ್ನುವುದು ನಿಲ್ಲುತ್ತದೆ. ಒಂದು ಪದರ ತೆಗೆಯಿರಿ.

ಖರ್ಚು ಸೊನ್ನೆ. ಆದರೆ ಪೂರ್ತಿ ಬಿಚ್ಚಲೇಬೇಕು, ಸ್ಟಿಕ್ ಬದಲಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲೇ ಮುಗಿದಿರುತ್ತದೆ. ಸವೆದ ಪಟ್ಟಿಯನ್ನು ಇನ್ನಷ್ಟು ಒತ್ತಿ ಉಜ್ಜಿದರೆ ಸವೆತ ನಿಲ್ಲುವುದಿಲ್ಲವಲ್ಲ. ಹೊಸ ಸ್ಟಿಕ್ ಬರುವುದು ತಡ, ನಾಳಿದ್ದು ರಜೆಗೆ ಮಕ್ಕಳೆಲ್ಲ ಸೇರುತ್ತಾರೆ ಎಂಬ ಸಂದರ್ಭಕ್ಕೆ ಇದು ಸರಿ.

ಮಾಮೂಲಿ ಸ್ಟಿಕ್ಕೋ, ಅಯಸ್ಕಾಂತದ್ದೋ?

ನಿಜವಾದ ಹೋಲಿಕೆ ಇಲ್ಲಿದೆ. ಮಾಮೂಲಿ ಬದಲಿ ಸ್ಟಿಕ್ಕೆಂದರೆ ಮೂಲದ ನಕಲು, ಅದೇ ಕಾರ್ಬನ್ ಪಟ್ಟಿ, ಅದೇ ಬೆರಳು. ಆನ್‌ಲೈನಿನಲ್ಲಿ ಒಂದು ಜೋಡಿ, ಜೊತೆಗೆ ಸ್ಕ್ರೂಡ್ರೈವರು, ಚಿಮುಟ, ಪ್ಲಾಸ್ಟಿಕ್ ಪಟ್ಟಿ ಸೇರಿ ನಾನು ಏಳುನೂರು ರೂಪಾಯಿ ಆಸುಪಾಸಿಗೆ ಕೊಂಡಿದ್ದೇನೆ. ಗುಣಮಟ್ಟ ಲಾಟರಿ. ಒಂದು ಜೋಡಿ ಎರಡು ವರ್ಷ ಬಂತು, ಇನ್ನೊಂದು ಜೋಡಿಯಲ್ಲಿ ಒಂದು ಸ್ಟಿಕ್ ಪೊಟ್ಟಣದಿಂದ ತೆಗೆದಾಗಲೇ ನಡುವಿಗೆ ಬರುತ್ತಿರಲಿಲ್ಲ.

ಅಯಸ್ಕಾಂತದ್ದಕ್ಕೆ ಹಾಲ್ ಎಫೆಕ್ಟ್ ಸ್ಟಿಕ್ ಎಂದು ಹೆಸರು. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ಭೌತವಿಜ್ಞಾನಿ ಕಂಡುಹಿಡಿದ ಪರಿಣಾಮ ಅದು. ಸ್ಟಿಕ್ಕಿನ ಬುಡಕ್ಕೆ ಪುಟ್ಟ ಅಯಸ್ಕಾಂತ, ಎದುರಿಗೆ ಅದರ ಕ್ಷೇತ್ರವನ್ನು ಅಳೆಯುವ ಸೆನ್ಸರ್. ಅಯಸ್ಕಾಂತ ವಾಲಿದರೆ ಅಳತೆ ಬದಲಾಗುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಆದ್ದರಿಂದ ಉಜ್ಜಿ ಸವೆಯುವ ಪಟ್ಟಿಯೂ ಇಲ್ಲ. ಇದೇನೂ ನಿನ್ನೆ ಮೊನ್ನೆಯ ತಂತ್ರವಲ್ಲ. 1998ರಲ್ಲಿ ಬಂದ ಸೆಗಾ ಡ್ರೀಮ್‌ಕ್ಯಾಸ್ಟ್‌ನ ಕಂಟ್ರೋಲರಿನಲ್ಲೇ ಇತ್ತು. ಜಾಯ್-ಕಾನ್‌ಗೆ ಸರಿಹೊಂದುವ ಹಾಲ್ ಸ್ಟಿಕ್ಕುಗಳನ್ನು 2023ರಲ್ಲಿ ಗುಲಿಕಿಟ್ ಎಂಬ ಚೀನೀ ಕಂಪನಿ ಮಾರುಕಟ್ಟೆಗೆ ತಂದ ಮೇಲೆ ಮನೆಯಲ್ಲೇ ಬದಲಿಸುವವರಿಗೆ ಹಬ್ಬವಾಯಿತು. ಟಿಎಂಆರ್ ಎಂಬ ಇನ್ನೊಂದು ಬಗೆ ಈಗ ಬಂದಿದೆ, ಅದೂ ಅಯಸ್ಕಾಂತದ್ದೇ, ಸೆನ್ಸರ್ ಬೇರೆ. ಆಡುವ ಮಕ್ಕಳಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಅಗ್ಗಕ್ಕೆ ಸಿಕ್ಕಿದ್ದನ್ನು ತನ್ನಿ.

ಹಾಲ್ ಜೋಡಿಗೆ ನಾನು ಕೊಟ್ಟದ್ದು ಎರಡು ಸಾವಿರದ ಮೇಲೆ, ಅಂದರೆ ಮಾಮೂಲಿಯ ಮೂರು ಪಟ್ಟು. ಹೊಸ ಜಾಯ್-ಕಾನ್ ಜೋಡಿ ಅಮೆರಿಕದಲ್ಲೇ ಬಹಳ ವರ್ಷ 79.99 ಡಾಲರಿಗೆ ಮಾರಾಟವಾದದ್ದು; ಇಲ್ಲಿ ಅದರ ಮೇಲೆ ಆಮದಿನ ಖರ್ಚು, ಅಂಗಡಿಯವರ ಲಾಭ ಸೇರುತ್ತದೆ. ಹೊಸದನ್ನು ಕೊಂಡರೂ ಒಳಗಿರುವುದು ಅದೇ ಕಾರ್ಬನ್ ಪಟ್ಟಿ ಎನ್ನುವುದನ್ನು ಮರೆಯಬಾರದು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಸ್ಟಿಕ್ಕುಗಳೂ ಹಾಲ್ ಬಗೆಯವಲ್ಲ ಎಂದು ಕಂಪನಿಯವರೇ ಹೇಳಿದ್ದಾರೆ, ಬಿಚ್ಚಿ ನೋಡಿದ ರಿಪೇರಿ ಜಾಲತಾಣ ಐಫಿಕ್ಸಿಟ್‌ನವರಿಗೂ ಪೊಟೆನ್ಶಿಯೋಮೀಟರೇ ಸಿಕ್ಕಿತು.

ಹಾಗಾದರೆ ಹಾಲ್ ಯಾರಿಗೆ ಬೇಡ? ಯಂತ್ರವನ್ನು ಆರು ತಿಂಗಳಲ್ಲಿ ಮಾರುವವರಿಗೆ ಬೇಡ, ಆ ದುಡ್ಡು ವಾಪಸ್ ಬರುವುದಿಲ್ಲ. ಒಂದು ಕಡೆಯದು ಮಾತ್ರ ಕೆಟ್ಟಿದ್ದು, ಯಂತ್ರ ವಾರಕ್ಕೊಮ್ಮೆ ಹೊರಬರುವುದಾದರೆ ಮಾಮೂಲಿಯದೇ ಸಾಕು. ಮೊದಲ ಸಲ ಸ್ಕ್ರೂಡ್ರೈವರ್ ಹಿಡಿಯುವವರಿಗೂ ನಾನು ಮಾಮೂಲಿಯದನ್ನೇ ಹೇಳುತ್ತೇನೆ. ಕಲಿಯುವಾಗ ಕೇಬಲ್ ಹರಿದರೆ ಹೊಟ್ಟೆ ಉರಿ ಕಡಿಮೆ. ಇನ್ನೊಂದು ಮಾತು, ಹಾಲ್ ಸ್ಟಿಕ್ಕಿಗೂ ಸ್ಪ್ರಿಂಗ್ ಇದೆ, ಮೇಲೆ ರಬ್ಬರ್ ಟೋಪಿ ಇದೆ. ಅವು ಸವೆಯುತ್ತವೆ. ಚಿರಂಜೀವಿ ಎಂದು ತಿಳಿದು ತರಬೇಡಿ.

ಅಕ್ಕನ ಮನೆಯದಕ್ಕೆ ಹಾಲ್ ಹಾಕಿದೆ. ಇಬ್ಬರು ಮಕ್ಕಳು, ದಿನಾ ಜಗಳ, ದಿನಾ ಆಟ. ಬೇರೆ ಯೋಚನೆಯೇ ಬರಲಿಲ್ಲ.

ಬಿಚ್ಚುವಾಗ ಕೈ ನಡುಗುವ ಜಾಗಗಳು

ಜಾಯ್-ಕಾನಿನ ಬೆನ್ನಿಗೆ ನಾಲ್ಕು ಸ್ಕ್ರೂ, ತಲೆ ಮೂರು ಕವಲಿನದು. ವೈ00 ಎಂಬ ಅಳತೆಯ ಟ್ರೈ-ವಿಂಗ್ ಬಿಟ್ ಬೇಕು. ಕಿಟ್ ಜೊತೆ ಬರುವ ಅಗ್ಗದ ಸ್ಕ್ರೂಡ್ರೈವರ್ ಮೆತ್ತಗಿನ ಕಬ್ಬಿಣದ್ದು. ಎರಡನೇ ಸ್ಕ್ರೂಗೇ ಮೂಲೆ ದುಂಡಗಾಗುತ್ತದೆ, ಜೊತೆಗೆ ಸ್ಕ್ರೂವಿನ ತಲೆಯನ್ನೂ ತಿಂದುಹಾಕುತ್ತದೆ. ಒಂದಕ್ಕೆ ದುಡ್ಡು ಹಾಕುವುದಾದರೆ ಈ ಬಿಟ್ಟಿಗೆ ಹಾಕಿ. ತಿರುಗಿಸುವ ಬಲಕ್ಕಿಂತ ಕೆಳಕ್ಕೆ ಅದುಮುವ ಬಲ ಹೆಚ್ಚಿರಲಿ.

ಸ್ಕ್ರೂ ಬಿಚ್ಚಿದ ಮೇಲೆ ಎರಡು ಅರ್ಧಗಳನ್ನು ಡಬ್ಬಿಯ ಮುಚ್ಚಳದ ಹಾಗೆ ಎಳೆಯಬೇಡಿ, ಒಳಗೆ ತೆಳು ರಿಬ್ಬನ್ ಕೇಬಲ್ ಎರಡನ್ನೂ ಜೋಡಿಸಿದೆ. ಪುಸ್ತಕ ತೆರೆದ ಹಾಗೆ ಮೆಲ್ಲಗೆ ತೆರೆಯಿರಿ. ಮೊದಲು ಕಾಣುವುದು 525 ಎಂಎಎಚ್‌ನ ಪುಟ್ಟ ಬ್ಯಾಟರಿ, ಅಂಟು ಹಾಕಿ ಕೂರಿಸಿರುತ್ತಾರೆ. ಪ್ಲಾಸ್ಟಿಕ್ ಪಟ್ಟಿಯಿಂದ ಬದಿಯಿಂದ ಎತ್ತಿ. ಚಾಕು, ಕತ್ತರಿ, ಲೋಹದ್ದು ಯಾವುದೂ ಬೇಡ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ. ಅದರ ಪ್ಲಗ್ಗನ್ನು ಬಿಡಿಸಿಟ್ಟ ಮೇಲೆಯೇ ಮುಂದಿನ ಕೆಲಸ.

ಬ್ಯಾಟರಿಯ ಕೆಳಗಿನ ಪ್ಲಾಸ್ಟಿಕ್ ಚೌಕಟ್ಟು ತೆಗೆಯುವಾಗ ಮೇಲಿನ ಭುಜದ ಬಟನ್ನು ಕಳಚಿಕೊಳ್ಳಬಹುದು, ಅದಕ್ಕೊಂದು ಸೊಳ್ಳೆಯ ಕಾಲಿನಂಥ ಸ್ಪ್ರಿಂಗ್. ನನ್ನದು ಮೊದಲ ಸಲ ಟಿಂಗ್ ಎಂದು ಹಾರಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಕ್ಕ ಪೊರಕೆ ತಂದಳು, ನಾನು ಮೊಬೈಲ್ ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದೆ. ಅರ್ಧ ಗಂಟೆಯ ಮೇಲೆ ನನ್ನ ಶರಟಿನ ಜೇಬಿನಲ್ಲಿ ಸಿಕ್ಕಿತು. ಆವತ್ತಿನಿಂದ ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ, ಅದರ ಮೇಲೇ ಬಿಚ್ಚುವುದು.

ಸ್ಟಿಕ್ಕಿಗೆ ಎರಡೇ ಸ್ಕ್ರೂ. ಅದರ ರಿಬ್ಬನ್ನನ್ನು ಹಿಡಿದಿರುವ ಸಣ್ಣ ರೆಪ್ಪೆಯನ್ನು ಉಗುರಿನ ತುದಿಯಿಂದ ಮೇಲೆತ್ತಿ, ಆಮೇಲೆ ಚಿಮುಟದಿಂದ ರಿಬ್ಬನ್ ಎಳೆಯಿರಿ. ರೆಪ್ಪೆ ಎತ್ತದೆ ಎಳೆದರೆ ಬೋರ್ಡಿನ ಸಾಕೆಟ್ಟೇ ಕೆಡುತ್ತದೆ, ಆಮೇಲೆ ಬೆಸುಗೆ ಹಾಕುವವರನ್ನು ಹುಡುಕಬೇಕು. ಹಳೆಯದರ ಸುತ್ತ ಇರುವ ಧೂಳು ತಡೆಯುವ ಸುತ್ತನ್ನು ತೆಗೆದು ಹೊಸದಕ್ಕೆ ಹಾಕುವುದನ್ನು ಮರೆಯಬೇಡಿ. ಹೊಸ ರಿಬ್ಬನ್ ನೇರವಾಗಿ, ಓರೆಯಾಗದಂತೆ ಒಳಗೆ ಹೋಗಲಿ. ಕೆಲಸದಲ್ಲಿ ಕಷ್ಟವೆಂದರೆ ಇದೊಂದೇ. ಮೊದಲ ಸಲ ನನಗೆ ಎರಡು ಗಂಟೆ ಹಿಡಿಯಿತು, ಅದರಲ್ಲಿ ಒಂದು ಗಂಟೆ ಈ ರಿಬ್ಬನ್ನಿಗೆ.

ಅಂಗಡಿಗೆ ಕೊಡುವುದಾದರೆ

ಕೈ ನಡುಗುವವರಿಗೆ, ಚಾಳೀಸಿನವರಿಗೆ, ಪುರುಸೊತ್ತಿಲ್ಲದವರಿಗೆ ಅಂಗಡಿಯೇ ಸರಿ. ಬೆಂಗಳೂರಿನ ಎಸ್‌ಪಿ ರೋಡು, ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ ಕಡೆ ವಿಚಾರಿಸಿದರೆ ಈ ಕೆಲಸ ಮಾಡುವವರು ಸಿಗುತ್ತಾರೆ. ಬೇರೆ ಊರುಗಳಲ್ಲಿ ಮೊಬೈಲ್ ರಿಪೇರಿಯ ಹುಡುಗರೇ ಮಾಡಿಕೊಡುತ್ತಾರೆ, ಫೋನ್ ಬಿಚ್ಚುವ ಕೈಗೆ ಇದು ಕಷ್ಟವಲ್ಲ. ಹಾಲ್ ಸ್ಟಿಕ್ಕನ್ನು ನೀವೇ ತರಿಸಿ ಕೊಟ್ಟು ಕೂಲಿ ಮಾತ್ರ ಮಾತಾಡಿಕೊಂಡರೆ ಲೆಕ್ಕ ಚೊಕ್ಕ.

ಹಳೇ ಸ್ಟಿಕ್ಕನ್ನು ವಾಪಸ್ ಕೇಳಿ. ನನ್ನ ಸಹೋದ್ಯೋಗಿಯೊಬ್ಬರು "ಹೊಸ ಸ್ಟಿಕ್ ಹಾಕಿಸಿದ್ದೆ, ಎರಡೇ ತಿಂಗಳಿಗೆ ಹೋಯ್ತು" ಎಂದು ತಂದುಕೊಟ್ಟರು. ಬಿಚ್ಚಿ ನೋಡಿದರೆ ರಬ್ಬರ್ ಟೋಪಿ ಬೋಳಾದ ಹಳೇ ಸ್ಟಿಕ್ಕೇ ಕೂತಿತ್ತು, ಸುತ್ತ ಸ್ಪ್ರೇ ಒಣಗಿದ ಕಲೆ. ಯಾವ ಅಂಗಡಿ ಎನ್ನುವುದು ಬೇಡ. ಕೊಡುವ ಮುಂಚೆ ಸ್ಟಿಕ್ಕಿನ ಟೋಪಿಯ ಬದಿಗೆ ನೇಲ್ ಪಾಲಿಷ್‌ನ ಸಣ್ಣ ಚುಕ್ಕೆ ಇಡಿ, ವಾದ ಬೆಳೆಸುವ ಪ್ರಮೇಯವೇ ಬರುವುದಿಲ್ಲ.

ಬೇರೆ ಯಂತ್ರಗಳವರಿಗೆ ನಾಲ್ಕು ಮಾತು

ಸ್ವಿಚ್ ಲೈಟ್‌ನಲ್ಲಿ ಕಂಟ್ರೋಲರ್ ಬೇರೆ ಬಿಡಿಸಲು ಬರುವುದಿಲ್ಲ, ಸ್ಟಿಕ್ ಬದಲಿಸಲು ಇಡೀ ಯಂತ್ರವನ್ನೇ ಬಿಚ್ಚಬೇಕು. ತಪ್ಪಿದರೆ ಹೋಗುವುದು ಕಂಟ್ರೋಲರಲ್ಲ, ಯಂತ್ರ. ಇದನ್ನು ಮೊದಲ ಪ್ರಯೋಗವಾಗಿ ಎತ್ತಿಕೊಳ್ಳಬೇಡಿ.

ಸ್ಟೀಮ್ ಡೆಕ್ ಬಿಚ್ಚಲು ಸಲೀಸು, ಬೆನ್ನಿಗೆ ಎಂಟು ಸ್ಕ್ರೂ. ಆದರೆ ಎಸ್‌ಡಿ ಕಾರ್ಡನ್ನು ಮೊದಲೇ ಹೊರತೆಗೆಯಿರಿ, ಬೆನ್ನಿನ ಮುಚ್ಚಳ ಎಬ್ಬಿಸುವಾಗ ಒಳಗಿದ್ದ ಕಾರ್ಡು ಎರಡು ತುಂಡಾಗುತ್ತದೆ. ಇದರಲ್ಲಿ ಕಾರ್ಡು ಕಳೆದುಕೊಂಡವರ ಸಂಖ್ಯೆ ದೊಡ್ಡದು. ಎಲ್‌ಸಿಡಿ ಮಾದರಿಯ ಸ್ಟಿಕ್ ಒಎಲ್ಇಡಿಗೆ ಆಗುವುದಿಲ್ಲ, ಎಲ್‌ಸಿಡಿಯಲ್ಲೇ ಎರಡು ತರದ ಬೋರ್ಡುಗಳಿವೆ. ನಿಮ್ಮದು ಯಾವುದೆಂದು ನೋಡಿಕೊಂಡು ತರಿಸಿ. ಆರ್‌ಒಜಿ ಆಲೈ ನಮ್ಮಲ್ಲಿ ಅಧಿಕೃತವಾಗಿಯೇ ಮಾರಾಟವಾಗಿರುವ ಯಂತ್ರ. ವಾರಂಟಿ ಇದ್ದರೆ ಸ್ಕ್ರೂ ಮುಟ್ಟದೆ ಸರ್ವಿಸ್ ಸೆಂಟರಿಗೆ ಹೋಗಿ. ಲೀಜನ್ ಗೋ ಮೊದಲಿನಿಂದಲೇ ಹಾಲ್ ಸ್ಟಿಕ್ಕಿನದು, ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಪಯೋಗವಿಲ್ಲ. ಅಲ್ಲಿ ಕ್ಯಾಲಿಬ್ರೇಷನ್ನೇ ಮೊದಲ ಮದ್ದು.

ಕಪಾಟಿನ ಮೂಲೆಯಲ್ಲಿ ಮೊದಲ ಪಿಎಸ್‌ಪಿ ಇನ್ನೂ ಇಟ್ಟುಕೊಂಡವರಿದ್ದರೆ, ಅದರ ಚಪ್ಪಟೆ ಸ್ಟಿಕ್ಕಿಗೂ ಬೋರ್ಡಿಗೂ ನಡುವೆ ವಿದ್ಯುತ್ ಹರಿಯುವ ರಬ್ಬರಿನ ತುಣುಕೊಂದಿದೆ. ಎಷ್ಟೋ ಸಲ ಅದನ್ನು ಐಪಿಎಯಲ್ಲಿ ಒರೆಸಿ ಸರಿಯಾಗಿ ಕೂರಿಸಿದರೇ ಸ್ಟಿಕ್ ಬದುಕುತ್ತದೆ.

ಯಾವುದೇ ಯಂತ್ರವಾಗಲಿ, ಹೊಸ ಸ್ಟಿಕ್ ಕೂರಿಸಿದ ಕೂಡಲೇ ಎಲ್ಲ ಸ್ಕ್ರೂ ಬಿಗಿಯಬೇಡಿ. ಬ್ಯಾಟರಿ ಸಿಕ್ಕಿಸಿ, ಅರ್ಧಗಳನ್ನು ಕೈಯಲ್ಲೇ ಒತ್ತಿ ಹಿಡಿದು ಆನ್ ಮಾಡಿ, ಕ್ಯಾಲಿಬ್ರೇಷನ್ ಪರದೆಯಲ್ಲಿ ಒಮ್ಮೆ ನೋಡಿ. ಅಕ್ಕನ ಮನೆಯಲ್ಲಿ ನಾನು ಹಾಗೆ ಹಿಡಿದುಕೊಂಡಿದ್ದಾಗ ಗುರುತು ಎಡ-ಬಲಕ್ಕೆ ಓಡಾಡಿತು, ಮೇಲೆ-ಕೆಳಕ್ಕೆ ಮಾತ್ರ ಅಲುಗಲೇ ಇಲ್ಲ. ರಿಬ್ಬನ್ ಓರೆ. ತೆಗೆದು ನೇರ ಮಾಡಿ ಮತ್ತೆ ತೂರಿಸಿದ ಮೇಲೆ ನಾಲ್ಕೂ ದಿಕ್ಕಿಗೆ ಹೋಗಿ ನಡುವಿಗೆ ಬಂದು ನಿಂತಿತು. "ಈಗ ಕೊಡಿ ಮಾಮ" ಅಂತ ಅವಳು ಕೈ ಚಾಚಿದಳು. ಸ್ಕ್ರೂ ಇನ್ನೂ ತಟ್ಟೆಯಲ್ಲೇ ಇತ್ತು.